ಇಬ್ಬರಿಗೆ ಊಟ

ರೇಖಾ ಅರಿಸಿನ ಹತ್ತಿದ ಕೈಯಲ್ಲೇ ಫೋನು ಎತ್ತಿಕೊಂಡಳು. ಬಾವಿಕಟ್ಟೆಯ ಪಕ್ಕ ಹಲಗೆಯ ಮೇಲೆ ಅಮ್ಮನನ್ನು ಮಲಗಿಸಿ, ನಾಲ್ಕು ಜನ ಹೆಂಗಸರು ಹಳೆಯ ಸೀರೆಗಳನ್ನು ಅಡ್ಡ ಹಿಡಿದು ನಿಂತಿದ್ದರು. ಕಿಟಕಿಯಲ್ಲಿದ್ದ ಫೋನು ಆಗಲೇ ಮೂರು ಸಲ ಹೊಡೆದುಕೊಂಡಿತ್ತು. ಅದು ಅಮ್ಮನ ಫೋನು. ಎರಡು ವರ್ಷದ ಹಿಂದೆ ಬಾವಿಕಟ್ಟೆಯಿಂದ ಬಿದ್ದು ಕೆಟ್ಟ ಮೇಲೆ ಕಿವಿಗೆ ಹಿಡಿದರೆ ಏನೂ ಕೇಳುತ್ತಿರಲಿಲ್ಲ. ಯಾರು ಮಾತಾಡಿದರೂ ಸ್ಪೀಕರಿನಲ್ಲಿ ಕೇರಿಗೆಲ್ಲ ಕೇಳುತ್ತಿತ್ತು.

“ಅಮ್ಮಾ, ನಾ ಮಾಬ್ಲೇಶ್ವರ. ಕುಮ್ಟೆ ಹತ್ತಿ ಬಂಗ್ಲೆ ಹೋಟೆಲಿಂದ. ನಾಳಿಗೆ ನಿಮ್ಗೆ ಸೂರತ್ ರೂಮೇ ಇಟ್ಟಿದ್ದೆ. ಕಾಣೆ ಮೀನೇ ಹೇಳ್ವನಾ? ಇಬ್ರಿಗೂ ಅದೇ ಅಲ್ದಾ, ವರ್ಷಾ ವರ್ಷದ ಹಾಂಗೆ?”

ರೇಖಾ ಹಲಗೆಯ ಕಡೆ ನೋಡಿದಳು.

“ಅಮ್ಮ ಹೋಯ್ತು,” ಎಂದಳು.

“ಎಲ್ಲಿಗೆ ಹೋದ್ರು?”

“ತೀರ್ಕಂತು. ಬೆಳಿಗ್ಗೆ.”

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಶಬ್ದವಾಯಿತು. “ಮಂಕಿಲೇ ಅಲ್ದಾ ಮನೆ? ನಾ ಬತ್ತೆ,” ಎಂದಿತು ದನಿ. ಫೋನು ನಿಂತಿತು.

ಅಂಗಳದಲ್ಲಿ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಪಕ್ಕದ ಮನೆಯ ದಿವಾಕರನ ಕೈಯೂ ನಿಂತಿತು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ರಾಮ ನಾಯ್ಕ ತಲೆ ಎತ್ತಲಿಲ್ಲ. ಸತ್ತವಳು ಅವನ ಹೆಂಡತಿ ಮಾಸ್ತಮ್ಮ. ನಲವತ್ಮೂರು ವರ್ಷದ ಸಂಸಾರ.

ಮೊದಲು ಬಾಯಿ ಬಿಟ್ಟದ್ದು ಚೌಡಮ್ಮ, ರಾಮನ ಅಕ್ಕ. ಮುಟ್ಟಳ್ಳಿಯಿಂದ ಆಟೋ ಮಾಡಿಕೊಂಡು ಬಂದಿದ್ದಳು. ಅವಳ ಕೈಯ ಹರಿವಾಣದಲ್ಲಿ ಹೊಸ ಸೀರೆ, ಹಸಿರು ಬಳೆ, ತೆಂಗಿನಕಾಯಿ, ಅಕ್ಕಿ, ವೀಳ್ಯದೆಲೆ, ಭಟ್ಕಳ ಮಲ್ಲಿಗೆಯ ದಂಡೆ ಇದ್ದವು. ಗಂಡನಿಗಿಂತ ಮೊದಲು ಹೋದವಳನ್ನು ಮದುಮಗಳ ಹಾಗೆ ಸಿಂಗರಿಸಿ ಕಳಿಸಬೇಕು. ಮೊದಲು ಗಂಡನ ಅಕ್ಕ ಮಡಿಲು ತುಂಬಬೇಕು. ಆಮೇಲೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸತ್ತವಳ ಹಣೆಯ ಕುಂಕುಮವನ್ನು ತಮ್ಮ ಹಣೆಗೆ ಇಟ್ಟುಕೊಳ್ಳುತ್ತಾರೆ. ಅಕ್ಕ ಕೈ ಹಾಕದಿದ್ದರೆ ಬೇರೆ ಯಾರೂ ಮುಂದೆ ಬರುವುದಿಲ್ಲ.

ಚೌಡಮ್ಮ ಹರಿವಾಣವನ್ನು ತುಳಸಿಕಟ್ಟೆಯ ಮೇಲಿಟ್ಟಳು.

“ಇಬ್ರಿಗೆ ಅಂದ್ರೆ ಯಾರಿಗೆ?”

“ಅತ್ತೆ, ಈಗ ಬ್ಯಾಡ,” ಎಂದಳು ರೇಖಾ.

“ಈಗಲ್ದೆ ಮತ್ಯಾವಾಗ? ಮಡ್ಲು ತುಂಬೂದು ನಾನು. ತುಂಬಿ ಸುಟ್ಟ ಮೇಲೆ ಕೇಳೂಕಾತದ್ಯಾ? ಕಾಗಾಲಕ್ಕೆ ತವರಿಗೆ ಹೋತೆ ಹೇಳಿ ವರ್ಷಕ್ಕೊಂದ್ಸಲ ಚೀಲ ಹಿಡ್ಕಂಡಿ ಹೋಗ್ತಿತ್ತು. ಆ ತವರ ಮನೆ ಬಾಗ್ಲು ಹಾಕಿ ಎಂಟು ವರ್ಷ ಆತು. ಅಲ್ಲಿ ಈಗ ಇಲಿನೂ ಇಲ್ಲ. ಇದು ಯಾರ ಮನೇಲಿ ಉಳೀತದೆ ಹೇಳಿ ನಂಗೆ ಆವಾಗಿಂದ ಇತ್ತು.”

ಸೀರೆ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡ್ಡ ಹಿಡಿದ ಸೀರೆಯ ಒಂದು ತುದಿ ಸ್ವಲ್ಪ ಕೆಳಗಿಳಿಯಿತು.

ರಾಮ ಎದ್ದು ನಿಂತ.

“ನಾನೇ ಹೋಗ್ತಿದ್ದೆ,” ಎಂದ. “ಇಬ್ರು ಅಂದ್ರೆ ನಾವಿಬ್ರೇಯ.”

“ನೀನಾ?”

“ಅದು ಹಗಲಿಗೆ ಹೋಗ್ತಿತ್ತು. ನಾ ಸಂಜಿ ಬಸ್ಸಿಗೆ. ಬೆಳಿಗ್ಗೆ ಫಸ್ಟ್ ಬಸ್ಸಿಗೆ ವಾಪಸ್. ಮೊಮ್ಮಕ್ಕಳನ್ನ ಆಡ್ಸೂ ವಯಸ್ಸಲ್ಲಿ ಇವ್ರಿಗೆ ಹೋಟೆಲು ರೂಮು ಬೇಕಾ ಹೇಳಿ ನೀವೆಲ್ಲ ನೆಗಾಡ್ತ್ರಿ. ಅದ್ಕೇ ಹೇಳ್ಲಿಲ್ಲ.”

ದಿವಾಕರ ರಾಮನ ಮುಖ ನೋಡಿದ. ಮಾಸ್ತಮ್ಮ ಕಾಗಾಲಕ್ಕೆ ಹೋದ ದಿನಗಳಲ್ಲಿ ರಾಮನಿಗೆ ರಾತ್ರಿ ಊಟ ದಿವಾಕರನ ಮನೆಯಲ್ಲೇ ಆಗುತ್ತಿತ್ತು. ದಿವಾಕರ ಬಗ್ಗಿ ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದ.

“ನೆಗಾಡೂ ಕೆಲ್ಸವೇ ಸೈ,” ಎಂದಳು ಚೌಡಮ್ಮ. ದನಿ ಪೂರ್ತಿ ಇಳಿದಿರಲಿಲ್ಲ. “ಆ ಮಾಬ್ಲೇಶ್ವರ ಬತ್ತ ಅಲ್ದಾ? ಬರ್ಲಿ. ಅವ್ನೂ ಹೇಳ್ಲಿ. ಅಲ್ಲಿವರಿಗೆ ಸೀರೆ ಉಡ್ಸಿ ಇಡಿ.”

ರಾಮ ಮತ್ತೆ ಕಂಬಕ್ಕೆ ಒರಗಿದ. ಅವನು ಯಾವತ್ತೂ ಆ ಹೋಟೆಲಿನಲ್ಲಿ ಉಳಿದಿರಲಿಲ್ಲ. ಅಲ್ಲಿ ಅವಳ ಜೊತೆ ಯಾರು ಇರುತ್ತಿದ್ದರು ಎಂದು ಅವನಿಗೆ ಗೊತ್ತಿರಲಿಲ್ಲ. ಕಾಗಾಲದ ಮನೆ ಬಾಗಿಲು ಹಾಕಿದ್ದು ಗೊತ್ತಿತ್ತು. ಆದರೂ ಅವಳು ಚೀಲ ಹಿಡಿದು ಹೊರಟಾಗ ಎಲ್ಲಿಗೆ ಎಂದು ಕೇಳಿರಲಿಲ್ಲ. ಈಗ ಕುಮಟೆಯಿಂದ ಬಸ್ಸಿನಲ್ಲಿ ಬರುತ್ತಿರುವ ಒಬ್ಬ ಮನುಷ್ಯ ಅಂಗಳಕ್ಕೆ ಕಾಲಿಟ್ಟು, ಇವರು ಯಾರು, ನಾನು ನೋಡಿದ ಯಜಮಾನರು ಬೇರೆ ಎಂದುಬಿಟ್ಟರೆ ಮುಗಿಯಿತು.

*

ಮದುವೆಯಾದ ಹೊಸತರಲ್ಲಿ ರಾಮ ಐಸ್ ಫ್ಯಾಕ್ಟರಿಯ ಟೆಂಪೊ ಓಡಿಸುತ್ತಿದ್ದ. ಹೊನ್ನಾವರದಿಂದ ಕುಮಟೆಯ ತನಕ ಮೀನಂಗಡಿ, ಸೋಡಾ ಅಂಗಡಿಗಳಿಗೆಲ್ಲ ಐಸು ಹಾಕಿ, ಕೊನೆಯ ಎರಡು ಗಡ್ಡೆ ಹತ್ತಿ ಬಂಗ್ಲೆಗೆ ಇಳಿಸುವುದು.

ಒಂದು ಕಾಲದಲ್ಲಿ ಕುಮಟೆಯ ಬಂದರಿನಿಂದ ಹತ್ತಿ ಹಡಗಿನಲ್ಲಿ ಹೋಗುತ್ತಿತ್ತಂತೆ. ಆಗ ಬೊಂಬಾಯಿಯ ಒಬ್ಬ ಸೇಟು ಕಟ್ಟಿಸಿದ ಬಂಗಲೆ ಅದು. ಹತ್ತಿ ಹೋದ ಮೇಲೆ ಹೋಟೆಲಾಯಿತು. ರೂಮುಗಳಿಗೆ ನಂಬರಿರಲಿಲ್ಲ. ಹತ್ತಿ ಹೋಗುತ್ತಿದ್ದ ಊರಿನ ಹೆಸರುಗಳಿದ್ದವು: ಸೂರತ್, ಬೊಂಬಾಯಿ, ಮಸ್ಕತ್, ಲಿವರ್‌ಪೂಲ್. ಲಿವರ್‌ಪೂಲ್ ಸೋರುತ್ತಿತ್ತು. ಹಜಾರದ ನಡುವೆ ಹತ್ತಿ ತೂಗುವ ದೊಡ್ಡ ತಕ್ಕಡಿ ಹಾಗೇ ಇತ್ತು. ಬಂದ ಗಿರಾಕಿಗಳನ್ನು ಅದರ ಮೇಲೆ ಕೂರಿಸಿ ತೂಗುವುದು, ಹೋಗುವಾಗ ಮತ್ತೆ ತೂಗುವುದು. ನಮ್ಮ ಊಟ ಉಂಡು ಯಾರೂ ಹಗುರಾಗಿ ಹೋಗುವುದಿಲ್ಲ ಎಂಬುದು ಹೋಟೆಲಿನವರ ಜಂಬ.

ಒಂದು ದಿನ ಮಾಸ್ತಮ್ಮನನ್ನು ಕಾಗಾಲಕ್ಕೆ ಬಿಡಲು ಟೆಂಪೊದಲ್ಲೇ ಕರೆದುಕೊಂಡು ಹೋಗಿದ್ದ. ಅವನು ಹಿಂದಿನ ಬಾಗಿಲಲ್ಲಿ ಐಸು ಇಳಿಸುವಾಗ ಅವಳು ಕೆಳಗಿಳಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಎರಡೂ ಕಡೆ ತೂಗುವ ಬಾಗಿಲೊಂದು ತೆರೆದು ಮುಚ್ಚುತ್ತಿತ್ತು. ತೆರೆದಾಗಲೆಲ್ಲ ಆಚೆಯ ಕೋಣೆ ಕಾಣುತ್ತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಎದುರುಬದುರು ಕೂತ ಗಂಡ ಹೆಂಡತಿ, ಬಗ್ಗಿ ಬಡಿಸುತ್ತಿರುವ ಕೈ. ಉಣ್ಣುವವರು ಮಾತಾಡುತ್ತಿದ್ದರು. ಮಾತಿಗಾಗಿ ಉಣ್ಣುವುದನ್ನು ನಿಲ್ಲಿಸುತ್ತಿದ್ದರು.

“ಉಣ್ತಾ ಉಣ್ತಾ ಎಂತ ಮಾತಾಡ್ತ್ರು ಇವ್ರು ಇಷ್ಟೊತ್ತು?” ಎಂದು ಕೇಳಿದಳು.

ರಾಮನ ಎರಡೂ ಕೈ ಮರಗಟ್ಟಿದ್ದವು. ಅವಸರದಲ್ಲಿದ್ದ. “ಒಂದಿನ ನಾವೂ ಇಲ್ಲೇ ಕೂತ್ಕಂಡು ಉಣ್ವ. ಆವಾಗ ಗೊತ್ತಾತದೆ,” ಎಂದ. ಅವಳು ದಾರಿಯುದ್ದಕ್ಕೂ ನಗುತ್ತಾ ಬಂದಳು.

*

ಮಾಬ್ಲೇಶ್ವರ ಹನ್ನೊಂದೂವರೆಗೆ ಬಂದ. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ. ಬಿಳಿ ಅಂಗಿಯ ಕಾಲರು ಸವೆದಿದ್ದರೂ ಇಸ್ತ್ರಿ ಮಾಡಿತ್ತು. ಅಂಗಳದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹೆಣದ ಕಾಲ ಬಳಿ ಕೈಮುಗಿದು ನಿಂತ. ಮಾಸ್ತಮ್ಮನಿಗೆ ಹೊಸ ಸೀರೆ ಉಡಿಸಿಯಾಗಿತ್ತು. ಮಡಿಲು ಬರಿದಾಗಿತ್ತು.

ಚೌಡಮ್ಮ ಕಾಯುತ್ತಿದ್ದಳು.

“ನೀವೇ ಅಲ್ದಾ ಆ ಹೋಟೆಲಿನವ್ರು? ಊಟ ಬಡ್ಸೂದು ನೀವೇಯಾ?”

“ಹೌದು. ನಲ್ವತ್ತು ವರ್ಷ ಆತು.”

“ಹಂಗಾರೆ ನಮ್ಮ ತಮ್ಮನ ಗುರ್ತು ಉಂಟಲ ನಿಮ್ಗೆ?” ಚೌಡಮ್ಮ ಗಲ್ಲ ಎತ್ತಿ ಜಗಲಿಯ ಕಡೆ ತೋರಿಸಿದಳು. “ವರ್ಷಾ ವರ್ಷಾ ಬತ್ತಿದ್ನಂತೆ, ಹೆಂಡ್ತಿ ಜೊತಿಗೆ.”

ಮಾಬ್ಲೇಶ್ವರ ತಿರುಗಿದ. ಜಗಲಿಯಲ್ಲಿ ಕೂತ ಮುದುಕನನ್ನು ನೋಡಿದ. ಕೆದರಿದ ಬಿಳಿ ಕೂದಲು, ಹೆಗಲ ಮೇಲೆ ಟವೆಲು, ದೊಡ್ಡ ಅಂಗೈಗಳು. ರಾಮ ಅವನ ಕಣ್ಣನ್ನೇ ನೋಡಿದ.

“ಗುರ್ತಿಲ್ದೆ ಎಂತ?” ಎಂದ ಮಾಬ್ಲೇಶ್ವರ. ಹತ್ತಿರ ಬಂದು ರಾಮನ ಕೈ ಹಿಡಿದುಕೊಂಡ. “ಯಜಮಾನ್ರಿಗೆ ಸೂಪಿಗೆ ಒಂಚೂರು ಮೆಣ್ಸಿನ ಪುಡಿ ಜಾಸ್ತಿ ಆಗ್ಬೇಕು. ಅಮ್ಮ ಬೈತಿದ್ರು, ಹೊಟ್ಟೆ ಉರೀತದೆ ಹೇಳಿ. ಅಲ್ದಾ ಯಜಮಾನ್ರೆ?”

ರಾಮ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಜನ ಅದನ್ನು ಅಳು ಎಂದುಕೊಂಡರು.

“ಖಾರ ತಿಂಬೂದ್ರಲ್ಲಿ ಇಂವ ಚಿಕ್ಕಂದಿಂದ ಹಂಗೇಯ,” ಎಂದಳು ಚೌಡಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು ಹರಿವಾಣ ಎತ್ತಿಕೊಂಡಳು. “ಬನ್ನಿ ಬನ್ನಿ, ಹೊತ್ತಾತು. ಏ ಮಾಸ್ತಿ, ಒಂದ್ ಮಾತು ಹೇಳೂಕಾಗ್ಲಿಲ್ಲ ಅಲ್ದನೇ ನಂಗೆ? ನಾನೂ ಬತ್ತಿದ್ನಲೇ!” ಎನ್ನುತ್ತಾ ತೆಂಗಿನಕಾಯಿ, ಅಕ್ಕಿ, ವೀಳ್ಯದೆಲೆಗಳನ್ನು ಮಡಿಲಿಗೆ ತುಂಬಿದಳು. ಆಮೇಲೆ ಹೆಂಗಸರು ಸಾಲಾಗಿ ಬಂದರು. ಎಲ್ಲರ ಹಣೆಯಲ್ಲೂ ಮಾಸ್ತಮ್ಮನ ಕುಂಕುಮವಾಯಿತು.

*

ಗಂಡು ಮಕ್ಕಳಿಲ್ಲದ್ದರಿಂದ ಬೆಂಕಿ ಕೊಟ್ಟವನು ರಾಮನೇ. ಚಿತೆ ಹೊತ್ತಿಕೊಂಡ ಮೇಲೆ ಜನ ಗೇರುಮರಗಳ ಕೆಳಗೆ ಅಲ್ಲಲ್ಲಿ ಕೂತರು. ಕಡಲು ಹತ್ತಿರದಲ್ಲೇ ಇತ್ತು. ಗಾಳಿ ಹೊಗೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಳ್ಳುತ್ತಿತ್ತು. ರಾಮ ಒದ್ದೆ ಪಂಚೆಯಲ್ಲಿ ದೂರದ ಮರದ ಬುಡಕ್ಕೆ ಹೋಗಿ ಕೂತ. ಮಾಬ್ಲೇಶ್ವರ ಹಿಂದೆಯೇ ಬಂದು ಪಕ್ಕದಲ್ಲಿ ಕೂತ.

“ನಿಮ್ಮಿಂದ ಉಪಕಾರ ಆತು,” ಎಂದ ರಾಮ.

“ನಂಗೆ ಬಾಗ್ಲಲ್ಲೇ ಅಂದಾಜಾತು. ನಿಮ್ಮನ್ನ ನೋಡ್ಬೇಕು ಹೇಳಿ ಬಾಳ ದಿನದಿಂದ ಇತ್ತು.”

“ಈಗ ಖರೇ ಹೇಳಿ. ನಾ ಎಂತದೂ ಮಾಡೂದಿಲ್ಲ. ಅದೂ ಇಲ್ಲ ಈಗ.” ರಾಮ ಮರಳಿನಲ್ಲಿ ಬೆರಳಾಡಿಸಿದ. “ಯಾರು ಬತ್ತಿದ್ರು ಜೊತಿಗೆ?”

“ಯಾರೂ ಇಲ್ಲ.”

“ಇಬ್ರಿಗೆ ಊಟ ಅಂದ್ರಿ.”

“ಊಟ ಇಬ್ರಿಗೇ. ಬರೂದು ಅಮ್ಮ ಒಬ್ರೇಯ.”

ರಾಮ ಒಬ್ಬ ಗಂಡಸಿನ ಹೆಸರು ಕೇಳಲು ಬೆಳಗಿನಿಂದ ತಯಾರಾಗುತ್ತಿದ್ದ. ಈ ಉತ್ತರಕ್ಕೆ ತಯಾರಾಗಿರಲಿಲ್ಲ.

ಮಾಬ್ಲೇಶ್ವರ ಮೆಲ್ಲಗೆ ಹೇಳತೊಡಗಿದ. ಮೊದಲ ವರ್ಷ ಹಳೆಯ ಮ್ಯಾನೇಜರ್ ಇದ್ದರು. ಒಂಟಿ ಹೆಂಗಸಿಗೆ ರೂಮು ಕೊಡುವ ಪದ್ಧತಿ ಇರಲಿಲ್ಲ. ಅಮ್ಮ ಕೌಂಟರಿನ ಮುಂದೆ ಚೀಲ ಅಪ್ಪಿಕೊಂಡು ನಿಂತು, ಯಜಮಾನರು ಏಳು ಗಂಟೆ ಬಸ್ಸಿಗೆ ಬರುತ್ತಾರೆ ಎಂದರು. ರೂಮು ಕೊಟ್ಟರು. ತಕ್ಕಡಿಯ ಮೇಲೆ ಕೂರಿಸುವಾಗ ನಾಚಿಕೊಂಡು ಕಣ್ಣು ಮುಚ್ಚಿಕೊಂಡರು. ಎಂಟಕ್ಕೆ ಗಂಟೆ ಹೊಡೆದಾಗ ಒಬ್ಬರೇ ಕೆಳಗೆ ಬಂದು ಮೇಜಿಗೆ ಕೂತರು. ಕಿಟಕಿಯ ಕಡೆ ಮುಖ ಮಾಡುವ ಕುರ್ಚಿ ತೋರಿಸಿದರೆ ಬೇಡ, ಬಾಗಿಲು ಕಾಣಬೇಕು ಎಂದರು. ಇವನು ಎರಡೂ ಕಡೆ ಸೂಪು ಇಟ್ಟ. ಆ ಮೇಲೆ ಬಿಳಿ ಸಾಸಿನ ಮೀನು. ಆ ಮೇಲೆ ಸುಟ್ಟ ಸಕ್ಕರೆಯ ಪುಡಿಂಗು. ಅಮ್ಮ ತಮ್ಮದನ್ನು ಪೂರ್ತಿ ಉಂಡರು. ಎದುರಿನ ತಟ್ಟೆ ಮುಟ್ಟಲಿಲ್ಲ.

“ಉಂಡಾದ್ಮೇಲೆ ಎಂತ ಮಾಡಿದ್ರು ಗೊತ್ತುಂಟಾ? ತಮ್ಮ ಎಂಜಲ ತಟ್ಟೆ ತಾವೇ ಎತ್ಕಂಡಿ ಅಡುಗೆಮನಿಗೆ ಬಂದ್ಬಿಟ್ರು. ನಾವೆಲ್ಲ ಹೌಹಾರಿದ್ವಿ. ಬ್ಯಾರೆ ಗಿರಾಕಿಗಳು ನೋಡ್ತಾ ಇದ್ರು. ‘ಉಂಡ ತಟ್ಟೆ ಬಿಟ್ಟಿಕ್ಕಿ ಏಳೂದು ಹ್ಯಾಂಗೆ’ ಹೇಳ್ತ್ರು. ಹದಿಮೂರು ವರ್ಷನೂ ಅದೇ ಕತೆ. ನಾ ಕಾಯ್ತಾ ನಿಂತ್ಕಂಡಿ ಕೈಯಿಂದ ಕಸ್ಕಣ್ಬೇಕಿತ್ತು.”

ರಾಮನ ತುಟಿ ಅಲುಗಿತು. ನಗುವಿನ ಹಾಗೆ ಕಂಡು ಹೋಯಿತು.

“ಆಮೇಲೆ ಹೊಸ ಮ್ಯಾನೇಜರ್ ಬಂದ್ರು. ಒಂಟಿ ಹೆಂಗ್ಸಿಗೂ ರೂಮು ಕೊಡೂಕೆ ಸುರು ಮಾಡಿದ್ರು. ನಾನೇ ಹೇಳ್ದೆ, ‘ಅಮ್ಮಾ, ಇನ್ನು ನೀವು ಸುಳ್ಳು ಹೇಳೂದು ಬ್ಯಾಡ, ಒಂದೇ ಊಟ ಹೇಳಿ.’ ಅಮ್ಮ ಒಪ್ಲಿಲ್ಲ. ‘ಅದು ಸುಳ್ಳಲ್ಲ. ಬಂದ್ರೆ?’ ಅಂದ್ರು.”

ಚಿತೆಯಲ್ಲಿ ಒಂದು ಕೊರಡು ಜಾರಿತು. ಕಿಡಿ ಹಾರಿದವು.

“ಹೋದ ವರ್ಷ ತೂಕ ಆರು ಕಿಲೊ ಇಳ್ದಿತ್ತು,” ಎಂದ ಮಾಬ್ಲೇಶ್ವರ. “ಡಾಕ್ಟರಿಗೆ ತೋರ್ಸಿ, ಮನೇಲಿ ಹೇಳಿ ಅಂದಿದ್ದೆ. ಹೇಳಿದ್ರಾ?”

ರಾಮ ಇಲ್ಲವೆಂದು ತಲೆಯಾಡಿಸಿದ.

*

ಹದಿಮೂರು ವರ್ಷದ ಹಿಂದೆ, ರೇಖಾಳ ಮದುವೆಯಾದ ಮೊದಲ ಚಳಿಗಾಲದಲ್ಲಿ, ಮಾಸ್ತಮ್ಮ ಅಕ್ಕಿ ಆರಿಸುತ್ತಾ ಹೇಳಿದ್ದಳು. “ಹತ್ತಿ ಬಂಗ್ಲೆಲಿ ಒಂದಿನ ಉಳ್ಕಂಡಿ ಬರ್ವ. ನೀವೇ ಹೇಳಿದ್ರಿ ಆವತ್ತು.”

“ಯಾವತ್ತು?” ಎಂದು ಅವನು ಕೇಳಿದ್ದ. ಆಮೇಲೆ, “ಆತು, ಹೋಗ್ವ. ನೀ ಮುಂದೆ ಹೋಗಿರು, ನಾ ಏಳು ಗಂಟೆ ಬಸ್ಸಿಗೆ ಕುಮ್ಟೆ ಮುಟ್ತೆ,” ಎಂದಿದ್ದ.

ಆ ಸಂಜೆ ಮಂಕಿಯ ಕಡಲಲ್ಲಿ, ದಡದಿಂದ ಎಳೆಯುವ ಏಂಡಿ ಬಲೆಗೆ ಬಂಗಡೆ ಬಿದ್ದಿತ್ತು. ಊರಿನ ಗಂಡಸರೆಲ್ಲ ಹಗ್ಗ ಎಳೆಯಲು ಹೋದರು. ರಾಮನೂ ಇಸ್ತ್ರಿ ಅಂಗಿ ಬಿಚ್ಚಿಟ್ಟು ಹೋದ. ಬಲೆ ದಡಕ್ಕೆ ಬರುವಷ್ಟರಲ್ಲಿ ಕತ್ತಲೆಯಾಗಿತ್ತು. ಬಸ್ಸಿನ ನೆನಪು ಬಂದಾಗ ಬಸ್ಸು ಹೋಗಿತ್ತು. ನಾಳೆ ಬಂದೇ ಬರುತ್ತಾಳಲ್ಲ ಎಂದುಕೊಂಡ.

ಮಾರನೇ ದಿನ ಹತ್ತು ಗಂಟೆಗೆ ಅವಳು ಬಂದಳು. ಅವನು ಅಂಗಳದಲ್ಲೇ, “ಬಂಗಡೆ ಬಿದ್ದಿತ್ತು ಮಾರಾಯ್ತಿ, ಒಂದು ಬುಟ್ಟಿ ತಂದಿದ್ದೆ,” ಎಂದ.

ಅವಳು ಚೀಲ ಒಳಗಿಟ್ಟು ಬಂದು ಬುಟ್ಟಿಯ ಮುಂದೆ ಕೂತು ಮೀನು ಶುಚಿ ಮಾಡತೊಡಗಿದಳು.

“ಉಂಡ್ಯಾ ಅಲ್ಲಿ?” ಎಂದು ಕೇಳಿದ.

“ಉಂಡೆ.”

“ಚಲೋ ಇತ್ತಾ?”

“ಇತ್ತು.”

ಅವನು ಅಷ್ಟಕ್ಕೇ ಅದನ್ನು ಮರೆತ. ಮರುವರ್ಷ ಅದೇ ದಿನ ಅವಳು ಕಾಗಾಲಕ್ಕೆ ಹೋಗಿ ಬರುತ್ತೇನೆ ಎಂದಳು. ಹೊರಡುವ ಮೊದಲು ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ, “ಹುಷಾರು,” ಎಂದಿದ್ದ.

*

ಮಾಬ್ಲೇಶ್ವರ ನಾಲ್ಕರ ಬಸ್ಸಿಗೆ ಹೋದ. ಮಿಂದು ಬಂದ ಜನರೂ ಕರಗಿದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ದಿವಾಕರನ ಮನೆಯಿಂದ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಂತು. ದಿವಾಕರ ಪಾತ್ರೆ ಇಟ್ಟು, ರಾಮನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದ.

ಜಗಲಿಯಲ್ಲಿ ರಾಮ, ಚೌಡಮ್ಮ, ರೇಖಾ ಮೂವರೇ ಉಳಿದರು. ರೇಖಾ ಬಟ್ಟಲುಗಳಿಗೆ ಗಂಜಿ ಬಡಿಸಿದಳು. ಕೈ ಅಭ್ಯಾಸದಲ್ಲಿ ಒಂದು ಹೆಚ್ಚಾಯಿತು. ನಾಲ್ಕನೆಯ ಬಟ್ಟಲನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡು ನಿಂತಳು.

“ಇತ್ಲಾಗೆ ಕೊಡು,” ಎಂದು ರಾಮ ಅದನ್ನು ತೆಗೆದುಕೊಂಡು ತನ್ನ ಎದುರಿಗೆ ನೆಲದ ಮೇಲೆ ಇಟ್ಟ.

ಚೌಡಮ್ಮ ಎರಡು ಚಮಚ ಗಂಜಿ ಕುಡಿದಳು. ಬಾಯಿ ಸುಮ್ಮನಿರಲಿಲ್ಲ. “ಅಲ್ದಾ ತಮ್ಮಾ, ಅಂತಾ ಹೋಟೆಲಲ್ಲಿ ಎಂತೆಂತ ಕೊಡ್ತ್ರು? ಒಂಚೂರು ಹೇಳು. ನಾನಂತೂ ನೋಡಿದ್ದಿಲ್ಲ, ನೋಡೂದೂ ಇಲ್ಲ.”

ರಾಮ ಕಾಲು ಮಡಚಿ ನೆಟ್ಟಗೆ ಕೂತ.

“ನಾ ಏಳು ಗಂಟೆ ಬಸ್ಸಿಗೆ ಹೋದೆ,” ಎಂದ. “ನಾ ಹೋಪಷ್ಟೊತ್ತಿಗೆ ಅದು ತಯಾರಾಗಿ ಕೂತಿತ್ತು. ಬಾಗ್ಲ ಕಡಿಗೆ ಮುಖ ಮಾಡ್ಕಂಡಿ. ನಾ ಎದುರಿಗೆ. ಹೀಂಗೆ.” ಎದುರಿನ ಬಟ್ಟಲನ್ನು ಒಂದಿಷ್ಟು ಆಚೆ ಸರಿಸಿ ನೇರ ಮಾಡಿದ. “ಮೊದ್ಲು ಸೂಪು ಕೊಡ್ತ್ರು. ಮೇಲಿಂದ ನಾ ಮೆಣ್ಸಿನ ಪುಡಿ ಹಾಕ್ಕಂಡೆ.”

“ಮೀನು ಇರ್ತದ್ಯಾ?”

“ಕಾಣೆ ಮೀನು. ಬೆಳ್ಳಗಿನ ಸಾಸು. ಮುಳ್ಳೆಲ್ಲ ಅವ್ರೇ ತೆಗ್ದಿರ್ತ್ರು. ಆಮೇಲೆ ಸುಟ್ಟ ಸಕ್ರೆದು ಪುಡಿಂಗು. ಉಂಡಾದ್ಮೇಲೆ ಅದು ತಟ್ಟೆ ಎತ್ಕಂಡಿ ಹೊಂಟುಬಿಡ್ತು. ಮಾಬ್ಲೇಶ್ವರ ಹಿಂದೆ ಓಡಿ ಕಸ್ಕಂಡ.”

ಚೌಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ಅತ್ತಳು. “ಅದ್ರ ಬುದ್ಧಿ ಎಲ್ಹೋತದೆ!”

ರೇಖಾ ನಗಲಿಲ್ಲ. ಗಂಜಿ ಬಿಟ್ಟು ಅಪ್ಪನ ಹತ್ತಿರಕ್ಕೆ ಸರಿದು ಕೂತಳು. ಅಮ್ಮ ಅಪ್ಪ ಇಬ್ಬರೇ ಕೂತು ಉಂಡಿದ್ದನ್ನು ಅವಳು ಈ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ.

“ಅಪ್ಪಾ, ಅಷ್ಟೊತ್ತು ಎದ್ರು ಕೂತ್ಕಂಡಿ ಅಮ್ಮ ನಿಮ್ಮ ಹತ್ರ ಎಂತ ಮಾತಾಡ್ತಿತ್ತು?”

ರಾಮ ಬಾಯಿ ತೆರೆದ. ಅವನ ಕೈಯ ಚಮಚ ಬಟ್ಟಲಿನಿಂದ ಮೇಲೆದ್ದು ಎದೆಯ ಹತ್ತಿರ ನಿಂತಿತ್ತು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಚೌಡಮ್ಮನೂ ಕಣ್ಣೊರೆಸಿಕೊಂಡು ಕಿವಿಗೊಟ್ಟಳು. ಅವನು ಎದುರಿಗೆ ನೋಡಿದ. ಅಲ್ಲಿದ್ದ ಬಟ್ಟಲಿನ ಹಬೆ ನಿಂತಿತ್ತು. ಗಂಜಿಯ ಮೇಲೆ ಅಂಚಿನಿಂದ ನಡುವಿಗೆ, ನಿಧಾನವಾಗಿ, ತೆಳ್ಳಗೆ ಕೆನೆ ಕಟ್ಟುತ್ತಿತ್ತು.